ಹಳೆಯ ಬಟ್ಟೆಗೆ ಹೊಸ ಹೊಲಿಗೆ: ಸಂಗ್ರಹಿಸಿದ ಬಟ್ಟೆಯಿಂದ ಗೃಹ ಹೊಲಿಗೆ ಕಾರ್ಯ – ಗ್ರಾಮ ಪಂಚಾಯತಿ ಸದಸ್ಯರಿಗೆ ಅಧ್ಯಯನ ಪಾಠ

ಪಾಠದ ಉದ್ದೇಶ

ಈ ಸೀಮೆಯ ಮನೆಗಳಲ್ಲಿ ಹುಟ್ಟಿದ ಮಗುವನ್ನು ಮೊದಲು ಸುತ್ತುವುದು ಹಳೆಯ ಬಟ್ಟೆಯಲ್ಲಿ. ಅಜ್ಜಿಯೋ ತಾಯಿಯೋ ಉಟ್ಟು, ನೂರಾರು ಬಾರಿ ಒಗೆದು ಮೆತ್ತಗಾದ ಹತ್ತಿಯ ಸೀರೆಯೇ ಮಗುವಿಗೆ ಹಾಸಿಗೆ, ಅದೇ ಜೋಲಿ. ಸೀರೆ ಇನ್ನಷ್ಟು ಸವೆದ ಮೇಲೆ ಬೊಂತೆಯ ಒಳಪದರವಾಗಿ, ನೀರು ಹೊರುವವರ ತಲೆಯ ಸಿಂಬಿಯಾಗಿ, ಕೊನೆಗೆ ಒಲೆಯ ಪಕ್ಕದ ಮಸಿಬಟ್ಟೆಯಾಗಿ ಅದು ಸವೆಯುತ್ತಿತ್ತು. ಒಂದು ಸೀರೆ ಮನೆಯಿಂದ ಹೊರಗೆ ಬೀಳುವಷ್ಟರಲ್ಲಿ ಅದರಲ್ಲಿ ಬಿಸಾಡಲು ಏನೂ ಉಳಿದಿರುತ್ತಿರಲಿಲ್ಲ.

ಇಂದು ಪರಿಸ್ಥಿತಿ ಬದಲಾಗಿದೆ. ಬಟ್ಟೆ ಅಗ್ಗವಾಗಿದೆ, ಮನೆಯಲ್ಲಿ ಬಟ್ಟೆಗಳ ಸಂಖ್ಯೆ ಹೆಚ್ಚಿದೆ, ಅವುಗಳಲ್ಲಿ ಬಹುಪಾಲು ಪಾಲಿಯೆಸ್ಟರ್ ಬೆರೆತಿದೆ. ಯುಗಾದಿ, ದೀಪಾವಳಿಗಳ ಮುನ್ನ ಮನೆ ತೊಳೆಯುವಾಗ ಹೊರಬೀಳುವ ಬಟ್ಟೆಯ ಗಂಟು ಚರಂಡಿಯ ಬದಿಗೋ ಕೆರೆಯ ಏರಿಗೋ ತಿಪ್ಪೆಗೋ ಸೇರುತ್ತಿದೆ. ಅದೇ ಊರಿನಲ್ಲಿ ಹೊಲಿಗೆ ಕಲಿತ ಮಹಿಳೆಯರಿದ್ದಾರೆ. ಯೋಜನೆಗಳಡಿ ಬಂದ ಹೊಲಿಗೆ ಯಂತ್ರಗಳು ಮನೆಯ ಮೂಲೆಯಲ್ಲಿ ಮಡಚಿದ ಬಟ್ಟೆ ಇಡುವ ಮೇಜಾಗಿ ನಿಂತಿವೆ.

ಈ ಎರಡನ್ನೂ ಸೇರಿಸುವ ಬಗೆ ಹೇಗೆ, ಅದರಲ್ಲಿ ಗ್ರಾಮ ಪಂಚಾಯತಿಯ ಪಾತ್ರವೇನು, ಎಲ್ಲಿ ಎಡವುವ ಸಂಭವವಿದೆ ಎಂಬುದನ್ನು ತಿಳಿಸುವುದು ಈ ಪಾಠದ ಉದ್ದೇಶ. ಪಾಠದ ಸಾರ ಇಷ್ಟೇ: ಬಟ್ಟೆ ದಾನವಾಗಿ ಬರಬಹುದು, ಆದರೆ ಹೊಲಿಯುವ ಮಹಿಳೆಯ ದುಡಿಮೆಯನ್ನು ದಾನವೆಂದು ಎಣಿಸಬಾರದು. ಈ ಒಂದು ಅಂಶ ಮರೆತ ಕಡೆ ಕಾರ್ಯ ಹೆಚ್ಚು ಕಾಲ ನಡೆಯುವುದಿಲ್ಲ.

1. ಇದು ಪಂಚಾಯತಿಯ ಕೆಲಸವೇ?

ಹೊಲಿಗೆ ಮನೆಯೊಳಗಿನ ಕೆಲಸ, ಅದರಲ್ಲಿ ಪಂಚಾಯತಿಗೆ ಏನು ಸಂಬಂಧ ಎಂಬ ಪ್ರಶ್ನೆ ಸಹಜ. 1992ರ ಸಂವಿಧಾನದ 73ನೇ ತಿದ್ದುಪಡಿಯಿಂದ ಸೇರಿದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ಸಂಬಂಧಿಸಿದ 29 ವಿಷಯಗಳಿವೆ. ಅವುಗಳಲ್ಲಿ 9ನೆಯದು ಖಾದಿ, ಗ್ರಾಮ ಮತ್ತು ಗುಡಿ ಕೈಗಾರಿಕೆ. 23ನೆಯದು ಆರೋಗ್ಯ ಮತ್ತು ನೈರ್ಮಲ್ಯ. 25ನೆಯದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ. ಸಂಗ್ರಹಿಸಿದ ಬಟ್ಟೆಯ ಹೊಲಿಗೆ ಈ ಮೂರಕ್ಕೂ ಸೇರಿದ ಕಾರ್ಯ.

ನೈರ್ಮಲ್ಯದ ದೃಷ್ಟಿಯಿಂದ ಬಟ್ಟೆ ಕಷ್ಟದ ಕಸ. ಹಸಿ ಕಸದಂತೆ ಗೊಬ್ಬರವಾಗುವುದಿಲ್ಲ. ಬಾಟಲಿ, ರಟ್ಟುಗಳಂತೆ ಗುಜರಿಯವರು ಕೂಡಲೇ ಕೊಳ್ಳುವುದಿಲ್ಲ. ಒದ್ದೆಯಾದರೆ ಚರಂಡಿಯ ಬಾಯಿ ಮುಚ್ಚುತ್ತದೆ. ಬೆಂಕಿ ಹಚ್ಚಿದರೆ ಪಾಲಿಯೆಸ್ಟರ್ ಬಟ್ಟೆ ಕರಗಿ, ಕಪ್ಪು ಹೊಗೆಯೊಡನೆ ಉಸಿರಿಗೆ ಹಾನಿಕರವಾದ ಅನಿಲಗಳನ್ನು ಬಿಡುತ್ತದೆ. ಬಯಲಿನಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಡಿಸೆಂಬರ್‌ನಲ್ಲಿ ದೇಶದಾದ್ಯಂತ ನಿಷೇಧಿಸಿ, ಸಾಮಾನ್ಯವಾಗಿ ಸುಟ್ಟರೆ ರೂ. 5,000, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ ರೂ. 25,000 ಪರಿಹಾರ ವಿಧಿಸುವಂತೆ ಆದೇಶಿಸಿದೆ. ದಂಡದ ಭಯ ಹೇಳುವುದಕ್ಕಿಂತ, ಸುಡುವ ಬದಲು ಬಟ್ಟೆಯನ್ನು ಎಲ್ಲಿಗೆ ಕೊಡಬೇಕು ಎಂದು ಹೇಳಬಲ್ಲ ಪಂಚಾಯತಿಯ ಮಾತಿಗೆ ಜನ ಹೆಚ್ಚು ಬೆಲೆ ಕೊಡುತ್ತಾರೆ.

ಇದಕ್ಕೆ ಬೇಕಾದ ವ್ಯವಸ್ಥೆಯ ಬಹುಭಾಗ ಈಗಾಗಲೇ ಇದೆ. ಸ್ವಚ್ಛ ಭಾರತ್ ಮಿಷನ್ ಗ್ರಾಮೀಣ ಯೋಜನೆಯಡಿ ಸ್ವಚ್ಛ ಸಂಕೀರ್ಣಗಳು ನಿರ್ಮಾಣವಾಗಿವೆ. ಸಂಜೀವಿನಿ ಯೋಜನೆಯ ಗ್ರಾಮ ಪಂಚಾಯತಿ ಮಟ್ಟದ ಒಕ್ಕೂಟಗಳು ಪಂಚಾಯತಿಯೊಡನೆ ಒಡಂಬಡಿಕೆ ಮಾಡಿಕೊಂಡು ಒಣ ಕಸ ನಿರ್ವಹಿಸುತ್ತಿವೆ. ಅರಿವು ಕೇಂದ್ರಗಳಿವೆ, ಕೂಸಿನ ಮನೆಗಳಿವೆ. ಹೊಸ ಕಟ್ಟಡ ಕಟ್ಟದೆಯೂ ಈ ಕಾರ್ಯ ಆರಂಭಿಸಬಹುದು.

2. ಕೌದಿಯಿಂದ ಕಲಿಯಬೇಕಾದುದು

ಹಳೆಯ ಬಟ್ಟೆಯಿಂದ ಹೊಸ ವಸ್ತು ಮಾಡುವುದು ಕನ್ನಡ ನಾಡಿಗೆ ಹೊಸದಲ್ಲ. ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಸೀಮೆಗಳಲ್ಲಿ ಕೌದಿ ಇಂದಿಗೂ ಮನೆಮಾತು. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಸಾಲು ಹೊಲಿಗೆ ಹಾಕಿ ಕೌದಿ ಸಿದ್ಧಪಡಿಸುತ್ತಾರೆ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಸಮುದಾಯದ ಮಹಿಳೆಯರು ಹೊಲಿಯುವ ಕವಂದಿಯ ವಿಧಾನ ಗಮನಾರ್ಹವಾದುದು. ಅವರು ಹೊಲಿಗೆಯನ್ನು ಹೊರ ಅಂಚಿನಿಂದ ಆರಂಭಿಸಿ, ಸುತ್ತು ಸುತ್ತಾಗಿ ಒಳಕ್ಕೆ ಸಾಗಿ, ನಡುವೆ ಮುಗಿಸುತ್ತಾರೆ. ನಾಲ್ಕು ಮೂಲೆಗಳಿಗೆ ಮಡಚಿದ ಬಟ್ಟೆಯ ಹೂವು ಕೂಡಿಸಿದ ಮೇಲೆಯೇ ಕವಂದಿ ಪೂರ್ಣವಾಯಿತೆಂದು ಲೆಕ್ಕ. ಉತ್ತರ ಕನ್ನಡದ ಸಿದ್ದಿಯರನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ದಿನಗೂಲಿಯ ನಡುವೆ ಅವರ ಮನೆಯಂಗಳದಲ್ಲಿ ಹುಟ್ಟಿದ ಈ ಕೈಕೆಲಸ ಇಂದು ವಸ್ತುಪ್ರದರ್ಶನಗಳಲ್ಲಿ ಕಲೆಯೆಂದು ಮನ್ನಣೆ ಪಡೆದಿದೆ. ಬಂಗಾಳದ ಕಾಂಥಾ ಕೂಡ ಹೀಗೆಯೇ ಹಳೆಯ ಸೀರೆಗಳ ಪದರದಿಂದ ಹುಟ್ಟಿದುದು.

ರಾಷ್ಟ್ರಮಟ್ಟದಲ್ಲಿ ಬಟ್ಟೆ ಸಂಗ್ರಹಣೆಯ ದೊಡ್ಡ ಪ್ರಯೋಗ ನಡೆಸಿದ ಸಂಸ್ಥೆ ಗೂಂಜ್. 1999ರಲ್ಲಿ ದೆಹಲಿಯಲ್ಲಿ ಇದನ್ನು ಆರಂಭಿಸಿದ ಅಂಶು ಗುಪ್ತಾ ಅವರಿಗೆ 2015ರಲ್ಲಿ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ನಗರಗಳಿಂದ ಬಂದ ಬಟ್ಟೆಯನ್ನು ವಿಂಗಡಿಸಿ, ಸರಿಪಡಿಸಿ, ಹಳ್ಳಿಯ ಜನ ತಮ್ಮ ಊರಿನ ಬಾವಿ, ದಾರಿಗಳ ಕೆಲಸ ಮಾಡಿದುದಕ್ಕೆ ಪ್ರತಿಫಲವಾಗಿ ನೀಡುವುದು ಅದರ ಕ್ರಮ. ಭಿಕ್ಷೆಯಂತೆ ಕೊಡಬಾರದು ಎಂಬುದು ಅದರ ಮೂಲ ವಿಚಾರ. 2004ರ ಸುನಾಮಿಯ ಬಳಿಕ ತಮಿಳುನಾಡಿನ ಕರಾವಳಿಗೆ ಹರಿದು ಬಂದ ಹಳೆಯ ಬಟ್ಟೆಗಳ ರಾಶಿಯನ್ನು ಸಂತ್ರಸ್ತರು ಮುಟ್ಟದೆ ರಸ್ತೆಬದಿಯಲ್ಲೇ ಬಿಟ್ಟದ್ದುಂಟು. ವಿಂಗಡಿಸದೆ, ಒಗೆಯದೆ, ಯಾರಿಗೆ ಏನು ಬೇಕೆಂದು ಕೇಳದೆ ಕೊಟ್ಟ ಬಟ್ಟೆ ಕಷ್ಟದಲ್ಲಿದ್ದವರಿಗೂ ಬೇಡವಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

3. ಜಿಲ್ಲೆಯಲ್ಲಿ ಬಟ್ಟೆ ಎಲ್ಲೆಲ್ಲಿ ದೊರೆಯುತ್ತದೆ?

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಬಟ್ಟೆಯ ಮೂಲಗಳು ಮುಖ್ಯವಾಗಿ ಮೂರು.

ಮೊದಲನೆಯದು ಮನೆಗಳು. ಇಲ್ಲಿ ಒಂದು ಸಂಗತಿ ತಿಳಿದಿರಬೇಕು. ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು, ಜರಿಯ ಸೀರೆ ಕೊಳ್ಳುವವರು ಹಿಂದಿನಿಂದಲೂ ಬೀದಿ ಬೀದಿ ತಿರುಗುತ್ತಿದ್ದಾರೆ. ಒಳ್ಳೆಯ ಬಟ್ಟೆ ಅವರಿಗೆ ಸಲ್ಲುತ್ತದೆ. ಪಂಚಾಯತಿಯ ಪೆಟ್ಟಿಗೆಗೆ ಬರುವುದು ಅವರು ಬೇಡವೆಂದದ್ದು. ಅದು ಅವರ ಜೀವನೋಪಾಯ, ಅದಕ್ಕೆ ಅಡ್ಡಿಪಡಿಸುವುದು ಸಲ್ಲದು. ಆದರೆ ಬರುವ ಬಟ್ಟೆಯ ಗುಣಮಟ್ಟದ ಬಗ್ಗೆ ಆರಂಭದಲ್ಲೇ ಅತಿಯಾದ ನಿರೀಕ್ಷೆ ಇಟ್ಟುಕೊಳ್ಳಬಾರದು.

ಎರಡನೆಯದು ಮಗ್ಗದ ಮನೆಗಳು. ದೊಡ್ಡಬಳ್ಳಾಪುರ ವಿದ್ಯುತ್ ಮಗ್ಗಗಳ ಪಟ್ಟಣ. ಮಗ್ಗದಿಂದ ಉಳಿಯುವುದು ಹೆಚ್ಚಾಗಿ ನೂಲಿನ ತುಂಡು. ಅದು ದಿಂಬಿಗೆ ತುಂಬಲು, ಕಾಲೊರಸು ಹೆಣೆಯಲು ಬರುತ್ತದೆ. ನೇಯ್ಗೆಯಲ್ಲಿ ದೋಷವಾದ ಡ್ಯಾಮೇಜ್ ಸೀರೆಗಳು ಕೆಲವೊಮ್ಮೆ ಕಡಿಮೆ ಬೆಲೆಗೆ ದೊರೆಯುತ್ತವೆ.

ಮೂರನೆಯದು ಸಿದ್ಧ ಉಡುಪು ಕಾರ್ಖಾನೆಗಳು. ದೊಡ್ಡಬಳ್ಳಾಪುರದ ಅಪೆರಲ್ ಪಾರ್ಕ್‌ನಂತಹ ಕಡೆ ಕತ್ತರಿಸಿ ಉಳಿದ ಚೂರುಗಳು ರಾಶಿಯಾಗಿ ಹೊರಬರುತ್ತವೆ. ಇವು ಯಾರೂ ತೊಡದ ಹೊಸ ಬಟ್ಟೆ, ಒಂದೇ ಬಣ್ಣದ್ದು ಹೇರಳವಾಗಿ ಸಿಗುತ್ತದೆ ಎಂಬುದು ಅನುಕೂಲ. ಆದರೆ ಇಂತಹ ಚೂರು ಸಾಮಾನ್ಯವಾಗಿ ಗುತ್ತಿಗೆದಾರರಿಗೆ ಮಾರಾಟವಾಗುವಂಥದ್ದು. ಬಾಯಿಮಾತಿನ ಭರವಸೆ ನಂಬದೆ, ಎಷ್ಟು ಕಿಲೋ, ಯಾವ ವಾರ, ಯಾವ ಬಗೆಯ ಬಟ್ಟೆ, ಉಚಿತವೋ ಬೆಲೆಗೋ ಎಂಬುದನ್ನು ಒಕ್ಕೂಟವು ಕಾರ್ಖಾನೆಯೊಡನೆ ಬರವಣಿಗೆಯಲ್ಲಿ ಮಾಡಿಕೊಳ್ಳಬೇಕು. ಕಾರ್ಖಾನೆ ತನ್ನ ಕಸ ಸಾಗಿಸುವ ಹೊಣೆಯನ್ನು ಪಂಚಾಯತಿಯ ತಲೆಗೆ ಕಟ್ಟದಂತೆ ಎಚ್ಚರ ವಹಿಸಬೇಕು.

4. ವಿಂಗಡಣೆ: ಕಾರ್ಯದ ತಳಪಾಯ

ಬಂದ ಬಟ್ಟೆಯನ್ನು ಅದೇ ದಿನ, ಒದ್ದೆಯಾಗುವ ಮುನ್ನ, ನಾಲ್ಕು ಪಾಲಾಗಿ ಬೇರ್ಪಡಿಸಬೇಕು.

ಅ) ಹಾಗೆಯೇ ತೊಡಬಹುದಾದುದು. ಗುಂಡಿ, ಹುಕ್ಕು, ಅಂಚು ಸರಿಪಡಿಸಿದರೆ ಸಾಕು.
ಆ) ಹೊಲಿಗೆಗೆ ಬರುವ ಹತ್ತಿ ಬಟ್ಟೆ. ಸೀರೆ, ಪಂಚೆ, ಲುಂಗಿ, ಹಾಸಿಗೆ ಬಟ್ಟೆ, ಅಂಗಿ.
ಇ) ಹೊಲಿಗೆಗೆ ಬರುವ ಕೃತಕ ನೂಲಿನ ಬಟ್ಟೆ. ಪಾಲಿಯೆಸ್ಟರ್, ನೈಲಾನ್, ಕೃತಕ ರೇಷ್ಮೆಯೆಂದು ಮಾರುವ ಸೀರೆಗಳು.
ಈ) ಸ್ವೀಕರಿಸಬಾರದುದು. ಒಳ ಉಡುಪು, ರಕ್ತ ಅಥವಾ ಆಸ್ಪತ್ರೆಯ ಕಲೆಯುಳ್ಳದ್ದು, ಬೂಷ್ಟು ಹಿಡಿದದ್ದು, ಹಳೆಯ ಹಾಸಿಗೆ ಮತ್ತು ದಿಂಬು.

ಹಾಸಿಗೆ, ದಿಂಬುಗಳನ್ನು ನಿರಾಕರಿಸಲು ಕಾರಣವಿದೆ. ತಿಗಣೆಗಳು ಅವುಗಳೊಳಗೆ ಆಹಾರವಿಲ್ಲದೆಯೂ ತಿಂಗಳುಗಟ್ಟಲೆ ಬದುಕಬಲ್ಲವು. ಸಂಗ್ರಹ ಕೊಠಡಿಗೆ ಒಮ್ಮೆ ಸೇರಿದರೆ ಬಿಡಿಸುವುದು ಕಷ್ಟ.

ಹತ್ತಿಯೋ ಪಾಲಿಯೆಸ್ಟರೋ ಎಂಬ ಸಂದೇಹ ಬಂದರೆ ಸುಟ್ಟು ನೋಡುವ ಸರಳ ಪರೀಕ್ಷೆಯಿದೆ. ಬಯಲಿನಲ್ಲಿ, ತಟ್ಟೆಯ ಮೇಲೆ, ಇಕ್ಕಳದಲ್ಲಿ ಎರಡು ಎಳೆ ನೂಲು ಹಿಡಿದು ಬೆಂಕಿ ತಾಗಿಸಬೇಕು. ಹತ್ತಿ ಕಾಗದದ ವಾಸನೆಯಲ್ಲಿ ಉರಿದು ಬೂದು ಬಣ್ಣದ ಮೆತ್ತನೆ ಬೂದಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಕಪ್ಪು ಬೂದಿ ಬಿಡುತ್ತದೆ. ಪಾಲಿಯೆಸ್ಟರ್ ಸುರುಟಿ, ಕರಗಿ, ಆರಿದ ಮೇಲೆ ಗಟ್ಟಿ ಗುಂಡಾಗುತ್ತದೆ. ಅದು ಆರುವ ಮುನ್ನ ಮುಟ್ಟಬಾರದು.

ಈ ಪರೀಕ್ಷೆ ಬಣ್ಣ ನೋಡುವ ಕುತೂಹಲಕ್ಕಲ್ಲ. ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆಯಲ್ಲಿ ಪಾಲಿಯೆಸ್ಟರ್ ಸೇರಿದರೆ ಅದು ಕರಗಿ ಕೈಗೆ ಅಂಟುತ್ತದೆ. ಮಗುವಿನ ಹಾಸಿಗೆಯ ಮೇಲ್ಪದರದಲ್ಲಿ ಸೇರಿದರೆ ಬೆವರು ಹೀರುವುದಿಲ್ಲ. ನೆಲ ಒರೆಸುವ ಬಟ್ಟೆಯಲ್ಲಿ ಸೇರಿದರೆ ನೀರು ಹಿಡಿಯುವುದಿಲ್ಲ. ಯಾವ ಬಟ್ಟೆ ಯಾವ ವಸ್ತುವಿಗೆ ಎಂಬ ತೀರ್ಮಾನ ಇಲ್ಲಿಯೇ ಆಗಬೇಕು.

ವಿಂಗಡಿಸಿದ ಬಟ್ಟೆಯನ್ನು ಬಿಸಿ ನೀರಿನಲ್ಲಿ ವಾಷಿಂಗ್ ಸೋಡಾ ಬೆರೆಸಿ ನೆನೆಸಿ, ಒಗೆದು, ಇಡೀ ದಿನ ಬಿಸಿಲಿನಲ್ಲಿ ಒಣಗಿಸಬೇಕು. ವಿಂಗಡಿಸುವವರಿಗೆ ಕೈಗವಸು, ಮುಖಗವಸು ಕಡ್ಡಾಯ. ಗುಂಡಿ, ಹುಕ್ಕು, ಜಿಪ್‌ಗಳನ್ನು ಬಿಡಿಸಿ ಡಬ್ಬಿಯಲ್ಲಿ ತುಂಬಿಟ್ಟರೆ ದುರಸ್ತಿಗೆ ಉಪಯೋಗಕ್ಕೆ ಬರುತ್ತವೆ. ಮುಟ್ಟಿನ ಬಟ್ಟೆ ತಯಾರಿಸುವ ಕೆಲಸಕ್ಕೆ ಆರಂಭದಲ್ಲಿ ಕೈಹಾಕಬಾರದು. ಅದಕ್ಕೆ ಬೇಕಾದ ಶುಚಿತ್ವದ ವ್ಯವಸ್ಥೆ ಬೇರೆಯೇ.

5. ಏನು ಹೊಲಿಯಬೇಕು? ಎರಡು ಮಾದರಿಗಳು

ಮೊದಲ ಮಾದರಿ: ಸಂತೆಯ ಚೀಲ. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು ದಪ್ಪ ಎಷ್ಟೇ ಇರಲಿ ನಿಷೇಧಿಸಿತು. ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿತು. ಅಂಗಡಿಗಳಲ್ಲಿ ಬಟ್ಟೆಯಂತೆ ಕಾಣುವ, ಹೊಲಿಗೆಯಿಲ್ಲದೆ ಅಂಟಿಸಿದ ಬಣ್ಣದ ಚೀಲಗಳಲ್ಲಿ ಬಹುಪಾಲು ಪಾಲಿಪ್ರೊಪಿಲೀನ್‌ನಿಂದ ಮಾಡಿದವು. ಅವೂ ಪ್ಲಾಸ್ಟಿಕ್ಕೇ ಎಂಬುದು ಸದಸ್ಯರಿಗೆ ತಿಳಿದಿರಲಿ.

ಹತ್ತಿ ಸೀರೆಯ ಉದ್ದ 5.5 ಮೀಟರ್, ಅಗಲ 110 ಸೆಂ.ಮೀ. ಎಂದು ಹಿಡಿಯೋಣ. 35 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರದ ಚೀಲಕ್ಕೆ 38 ಸೆಂ.ಮೀ. ಅಗಲ, 88 ಸೆಂ.ಮೀ. ಉದ್ದದ ಒಂದೇ ತುಂಡು ಸಾಕು. ತಳದಲ್ಲಿ ಮಡಚುವುದರಿಂದ ಅಲ್ಲಿ ಹೊಲಿಗೆ ಬೇಡ. ಸೀರೆಯ ಅಗಲದಲ್ಲಿ 88 ಸೆಂ.ಮೀ. ಚೀಲಕ್ಕೆ, ಉಳಿದ 22 ಸೆಂ.ಮೀ. ಪಟ್ಟಿ ಹಿಡಿಕೆಗಳಿಗೆ. ಉದ್ದದಲ್ಲಿ 14 ತುಂಡುಗಳು ಬರುತ್ತವೆ. ಪಟ್ಟಿಯನ್ನು 7 ಸೆಂ.ಮೀ. ಅಗಲದ ಮೂರು ಸಾಲಾಗಿ ಸೀಳಿ, 55 ಸೆಂ.ಮೀ.ಗೊಂದರಂತೆ ಕತ್ತರಿಸಿದರೆ 30 ಹಿಡಿಕೆ; ಬೇಕಾದುದು 28.

ಕಾಗದದ ಮೇಲೆ ಒಂದು ಸೀರೆಗೆ 14 ಚೀಲ. ಆದರೆ ಉಟ್ಟ ಸೀರೆ ತೆಳು. ಎರಡು ಕಿಲೋ ಈರುಳ್ಳಿ ಹೊರಬೇಕಾದರೆ ಎರಡು ಪದರ ಬೇಕು. ಅಲ್ಲಿಗೆ 7 ಚೀಲ. ಸವೆದ ಭಾಗ ಮೂರನೇ ಒಂದು ಪಾಲು ಹೋದರೆ ಉಳಿಯುವುದು 4 ಚೀಲ. ಯೋಜನೆ ಬರೆಯುವಾಗ 14 ಎಂದು ಬರೆದು, ನಡೆಸುವಾಗ 4 ದೊರೆತರೆ ಎಲ್ಲ ಲೆಕ್ಕವೂ ತಲೆಕೆಳಗಾಗುತ್ತದೆ. ಆದುದರಿಂದ ಮೊದಲು ಹತ್ತು ಸೀರೆ ಕತ್ತರಿಸಿ ನೋಡಿ, ಬಳಿಕ ಅಂದಾಜು ಬರೆಯಬೇಕು.

ಎರಡನೇ ಮಾದರಿ: ಮಕ್ಕಳ ಹಾಸು. ಕೂಸಿನ ಮನೆ, ಅಂಗನವಾಡಿಗಳಲ್ಲಿ ಮಗು ಮಲಗಲು 90 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲದ ಹಾಸು ಉಪಯುಕ್ತ. ಐದು ಪದರಕ್ಕೆ 2.7 ಚದರ ಮೀಟರ್ ಬಟ್ಟೆ ಬೇಕು. ಒಂದು ಸೀರೆಯ ವಿಸ್ತೀರ್ಣ ಸುಮಾರು 6 ಚದರ ಮೀಟರ್. ಸವೆದುದು ಹೋಗಿ 4 ಉಳಿದರೂ ಒಂದು ಹಾಸಿಗೆ ಸಾಕಾಗಿ ಅಂಚಿನ ಪಟ್ಟಿಗೂ ಮಿಗುತ್ತದೆ. ಮೇಲಿನ ಮತ್ತು ಕೆಳಗಿನ ಪದರ ಗಟ್ಟಿಯಾದ ಹತ್ತಿಯದಾಗಿರಬೇಕು. ಯಂತ್ರಕ್ಕೆ 16ನೇ ನಂಬರಿನ ಸೂಜಿ ಹಾಕಿ, ನಾಲ್ಕು ಬೆರಳು ಅಂತರದಲ್ಲಿ ನೇರ ಸಾಲು ಹೊಲಿದರೆ ಪದರ ಜಾರುವುದಿಲ್ಲ, ಒಗೆದಾಗ ಗಂಟು ಕಟ್ಟುವುದಿಲ್ಲ. ಗುಂಡಿ, ಮಣಿ, ಜರಿ ಯಾವುದೂ ಇರಕೂಡದು. ಮಗು ಬಾಯಿಗೆ ಹಾಕಿಕೊಳ್ಳುತ್ತದೆ.

ಕೃತಕ ನೂಲಿನ ಬಟ್ಟೆಯನ್ನು ಪಟ್ಟಿಯಾಗಿ ಸೀಳಿ ಜಡೆಯಂತೆ ಹೆಣೆದು, ಸುತ್ತಿ ಹೊಲಿದರೆ ಬಾಳಿಕೆ ಬರುವ ಕಾಲೊರಸು ಆಗುತ್ತದೆ.

6. ಕೂಲಿಯ ಲೆಕ್ಕ

ಈ ಭಾಗ ಪಾಠದ ಹೃದಯ. ಉದ್ಯೋಗ ಖಾತರಿ ಯೋಜನೆಯಡಿ 2025-26ನೇ ಸಾಲಿಗೆ ಕರ್ನಾಟಕದ ದಿನಗೂಲಿ ರೂ. 370 ಆಗಿತ್ತು. ಹೊಲಿಗೆ ಕುಶಲ ಕೆಲಸ. ಅದಕ್ಕೆ ಇದಕ್ಕಿಂತ ಕಡಿಮೆ ದೊರೆಯಬಾರದು ಎಂಬುದನ್ನು ಅಳತೆಗೋಲಾಗಿ ಇಟ್ಟುಕೊಂಡು ಮುಂದಿನ ಲೆಕ್ಕ ನೋಡಬಹುದು. ದಿನಕ್ಕೆ ಇಷ್ಟು ವಸ್ತು ಎಂಬ ಸಂಖ್ಯೆಗಳು ಮತ್ತು ಸಾಮಗ್ರಿಯ ವೆಚ್ಚ ಲೆಕ್ಕದ ವಿಧಾನ ತೋರಿಸಲು ಹಿಡಿದವು. ಪ್ರತಿ ಒಕ್ಕೂಟವೂ ತನ್ನದೇ ಸಂಖ್ಯೆಗಳನ್ನು ಹಾಕಿಕೊಳ್ಳಬೇಕು.

ಒಬ್ಬ ಮಹಿಳೆ ಕತ್ತರಿಸುವುದೂ ಸೇರಿ ದಿನಕ್ಕೆ 15 ಇಮ್ಮಡಿ ಪದರದ ಚೀಲ ಹೊಲಿದರೆ, ಚೀಲವೊಂದಕ್ಕೆ ಕೂಲಿ ಸುಮಾರು ರೂ. 25. ದಾರ, ಸೋಪು, ಸೂಜಿ, ವಿದ್ಯುತ್ತಿಗೆ ರೂ. 4 ಸೇರಿಸಿದರೆ ರೂ. 29. ಬಟ್ಟೆಗೆ ಒಂದು ಪೈಸೆಯೂ ಹಾಕಿಲ್ಲ. ಈಗ ಅಂಗಡಿಯವರು ರೂ. 15ಕ್ಕೆ ಕೇಳಿದರೆ, "ಬಟ್ಟೆ ಬಿಟ್ಟಿ ಬಂದದ್ದಲ್ಲವೇ, ಕೊಡೋಣ" ಎಂಬ ಮಾತು ಸಭೆಯಲ್ಲಿ ಏಳುತ್ತದೆ. ಕೊಟ್ಟರೆ ದಿನದ ಹುಟ್ಟುವಳಿ ರೂ. 225, ಸಾಮಗ್ರಿಯ ರೂ. 60 ಕಳೆದರೆ ಮಹಿಳೆಗೆ ಉಳಿಯುವುದು ರೂ. 165. ಕೂಲಿಯ ಅರ್ಧವೂ ಇಲ್ಲ. ಆ ರೂ. 205ರ ಕೊರತೆಯನ್ನು ಭರಿಸಿದವಳು ಆ ಮಹಿಳೆ. ಆದರೆ ಯಾವ ವರದಿಯಲ್ಲಿಯೂ ಅದು ನಷ್ಟವೆಂದು ದಾಖಲಾಗುವುದಿಲ್ಲ. ಎರಡು ತಿಂಗಳ ಬಳಿಕ ಆಕೆ ಬರುವುದನ್ನು ನಿಲ್ಲಿಸಿದಾಗ "ಮಹಿಳೆಯರಿಗೆ ಆಸಕ್ತಿಯಿಲ್ಲ" ಎಂದು ಬರೆಯಲಾಗುತ್ತದೆ.

ಇದಕ್ಕೆ ಪರಿಹಾರಗಳಿವೆ. ಒಂದು, ಬೇಡಿಕೆ ಖಚಿತವಿರುವ ಕಡೆಗೆ ಹೊಲಿಯುವುದು. ಮಕ್ಕಳ ಹಾಸನ್ನು ದಿನಕ್ಕೆ 3ರಂತೆ ಹೊಲಿದರೆ ಕೂಲಿ ರೂ. 123, ಸಾಮಗ್ರಿ ರೂ. 12, ಒಟ್ಟು ರೂ. 135. ಹತ್ತು ಹಾಸಿಗೆ ರೂ. 1,350. ಈ ಮೊತ್ತವನ್ನು ಖರೀದಿ ನಿಯಮಗಳಿಗೆ ಅನುಸಾರವಾಗಿ ಪಂಚಾಯತಿಯೋ, ಊರಿನ ದಾನಿಗಳೋ ಭರಿಸಬಹುದು.

ಎರಡು, ಹೆಚ್ಚು ಬೆಲೆ ಬರುವ ವಸ್ತು. ಮದುವೆಗಳಲ್ಲಿ ತೆಂಗಿನಕಾಯಿ ಹಾಕಿ ಕೊಡುವ ತಾಂಬೂಲದ ಚೀಲಕ್ಕೆ ಈ ಸೀಮೆಯಲ್ಲಿ ಸದಾ ಬೇಡಿಕೆಯಿದೆ. ದಿನಕ್ಕೆ 30 ಹೊಲಿದರೆ ಕೂಲಿ ರೂ. 12.50ರ ಆಸುಪಾಸು, ಸಾಮಗ್ರಿ ರೂ. 3. 500 ಚೀಲದ ಒಂದು ಮದುವೆಯ ಆರ್ಡರ್ ಐವರು ಮಹಿಳೆಯರಿಗೆ ಮೂರೂವರೆ ದಿನದ ಕೆಲಸ. ಆದರೆ ಇದಕ್ಕೆ ಉಟ್ಟು ಬಿಟ್ಟ ಬಟ್ಟೆಯನ್ನು ಬಳಸಲೇಬಾರದು. ಶುಭಕಾರ್ಯಕ್ಕೆ ಜನ ಅದನ್ನು ಒಪ್ಪುವುದಿಲ್ಲ, ತಿಳಿಸದೆ ಬಳಸುವುದು ಮೋಸವೂ ಹೌದು. ಕಾರ್ಖಾನೆಯ ಹೊಸ ಚೂರುಗಳು ಇದಕ್ಕೆ ತಕ್ಕವು. ಚೂರಿಗೆ ಬೆಲೆ ಕೊಟ್ಟಿದ್ದರೆ ಅದನ್ನೂ ಲೆಕ್ಕಕ್ಕೆ ಸೇರಿಸಬೇಕು.

ಮೂರು, ಚೀಲವನ್ನು ಮಾರುವ ಬದಲು ಠೇವಣಿಗೆ ಕೊಡುವುದು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ, ಶಿವಗಂಗೆಯ ಸಂಕ್ರಾಂತಿ ಜಾತ್ರೆಗಳಲ್ಲಿ ಅಥವಾ ವಾರದ ಸಂತೆಯಲ್ಲಿ ರೂ. 30 ಇಟ್ಟು ಚೀಲ ಒಯ್ದವರು ಹಿಂದಿರುಗಿಸಿದಾಗ ರೂ. 25 ವಾಪಸು ಪಡೆಯುವಂತೆ ಮಾಡಬಹುದು. ಚೀಲ ಆರು ಬಾರಿ ಕೈ ಬದಲಾಯಿಸಿದರೆ ರೂ. 30 ಬಂದು ವೆಚ್ಚ ಗಿಟ್ಟುತ್ತದೆ. ಹಿಂದಿರುಗಿಸದೆ ಒಯ್ದರೂ ನಷ್ಟವಿಲ್ಲ.

ಕೈಹೊಲಿಗೆಯ ದೊಡ್ಡ ಕೌದಿಗೆ ದಿನಕ್ಕೆ ನಾಲ್ಕು ಗಂಟೆಯಂತೆ ಎಂಟು ದಿನ ಹಿಡಿದರೂ ನಾಲ್ಕು ಪೂರ್ಣ ದಿನದ ಕೂಲಿ, ಅಂದರೆ ರೂ. 1,480 ಆಗುತ್ತದೆ. ಮನೆಗಾಗಿ ಹೊಲಿದಾಗ ಅದು ಪ್ರೀತಿಯ ಕೆಲಸ. ಮಾರಾಟಕ್ಕೆಂದರೆ ಆ ಬೆಲೆ ಕೊಡಬಲ್ಲ ಕೊಳ್ಳುಗರು ಸಿಕ್ಕ ಮೇಲೆಯೇ ಹೊಲಿಯಬೇಕು.

7. ಮಾನದ ಪ್ರಶ್ನೆ

ತೊಡಬಹುದಾದ ಬಟ್ಟೆಯನ್ನು ಹಂಚುವಾಗ ಪಂಚಾಯತಿ ಬಹಳ ಎಚ್ಚರದಿಂದಿರಬೇಕು. ಗ್ರಾಮಸಭೆಯ ವೇದಿಕೆಗೆ ಕರೆದು, ಹಳೆಯ ಸೀರೆ ಕೊಟ್ಟು, ಛಾಯಾಚಿತ್ರ ತೆಗೆಯುವುದು ಕೂಡದು. ಯಾರ ಮನೆಯ ಬಟ್ಟೆ ಯಾರಿಗೆ ಹೋಯಿತೆಂಬುದು ಅದೇ ಊರಿನಲ್ಲಿ ಗುರುತು ಸಿಗುತ್ತದೆ. ಶಾಲೆಯಲ್ಲಿ "ಅದು ನನ್ನ ಅಂಗಿ" ಎಂದು ಒಂದು ಮಗು ಹೇಳಿದರೆ ಇನ್ನೊಂದು ಮಗು ಮರುದಿನ ಶಾಲೆಗೆ ಬರಲು ಹಿಂಜರಿಯುತ್ತದೆ. ಆದುದರಿಂದ ತೊಡುವ ಬಟ್ಟೆಯನ್ನು ನೆರೆಯ ಪಂಚಾಯತಿಯೊಡನೆ ವಿನಿಮಯ ಮಾಡಿಕೊಳ್ಳುವುದು ಒಳ್ಳೆಯದು. ಅಲ್ಪ ಬೆಲೆ ಕಟ್ಟಿ ಸಂತೆಯಲ್ಲಿಟ್ಟರೆ ಬೇಕಾದವರು ತಮಗೆ ಹಿಡಿಸಿದ್ದನ್ನು ಆರಿಸಿಕೊಳ್ಳುತ್ತಾರೆ. ತೀರಿಕೊಂಡವರ ಬಟ್ಟೆಯ ಬಗ್ಗೆ ಜನರಲ್ಲಿರುವ ಸಂಕೋಚವನ್ನು ಗೌರವಿಸಿ, ಅದನ್ನು ಕಾಲೊರಸಿನಂತಹ ವಸ್ತುಗಳಿಗೆ ಮಾತ್ರ ಬಳಸಬೇಕು.

ವಿಂಗಡಿಸುವ ಕೆಲಸ ಒಂದೇ ಸಮುದಾಯದ ಮಹಿಳೆಯರ ಪಾಲಿಗೆ ಬೀಳುತ್ತಿದೆಯೇ ಎಂಬುದನ್ನೂ ಸಾಮಾಜಿಕ ನ್ಯಾಯ ಸಮಿತಿ ಗಮನಿಸಬೇಕು. ಒಗೆಯುವವರು, ಬೇರ್ಪಡಿಸುವವರು, ಕತ್ತರಿಸುವವರು, ಹೊಲಿಯುವವರು ಎಲ್ಲರ ಕೂಲಿಯೂ ಲೆಕ್ಕದಲ್ಲಿರಬೇಕು. ಸರದಿಯಂತೆ ಕೆಲಸ ಬದಲಾಗಬೇಕು.

8. ಪಂಚಾಯತಿ ಕೈಗೊಳ್ಳಬಹುದಾದ ಕ್ರಮಗಳು

1. ಒಂದೇ ಗ್ರಾಮದಲ್ಲಿ, ಒಂದು ತಿಂಗಳು ಪ್ರಯೋಗ ನಡೆಸುವುದು. ಬಂದ ಬಟ್ಟೆಯನ್ನು ನಾಲ್ಕು ಪಾಲು ಮಾಡಿ ಪ್ರತಿಯೊಂದರ ತೂಕವನ್ನು ಪುಸ್ತಕದಲ್ಲಿ ಬರೆಯುವುದು.
2. ತಿಂಗಳಿಗೆ ಒಂದು ನಿಗದಿತ ದಿನ ಮಾತ್ರ, ಒಗೆದು ಮಡಚಿದ ಬಟ್ಟೆಯನ್ನು ಮಾತ್ರ ಅರಿವು ಕೇಂದ್ರದಲ್ಲಿ ಸ್ವೀಕರಿಸುವುದು. ಸದಾ ತೆರೆದಿಟ್ಟ ಪೆಟ್ಟಿಗೆ ಬೇಗನೆ ಕಸದ ತೊಟ್ಟಿಯಾಗುತ್ತದೆ.
3. ಊರಿನಲ್ಲಿ ಈಗಾಗಲೇ ಇರುವ ಹೊಲಿಗೆ ಯಂತ್ರಗಳನ್ನು ಎಣಿಸುವುದು. ಕೆಟ್ಟವನ್ನು ರಿಪೇರಿ ಮಾಡಿಸುವುದು. ಹೊಸ ಯಂತ್ರದ ಬೇಡಿಕೆ ಆ ಬಳಿಕ.
4. ಅರ್ಹ ದರ್ಜಿಗಳಿಗೆ ಪಿಎಂ ವಿಶ್ವಕರ್ಮ ಯೋಜನೆಯ ಮಾಹಿತಿ ನೀಡುವುದು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಈ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಸೇರಿದೆ, ಉಪಕರಣಕ್ಕೆ ರೂ. 15,000ದವರೆಗೆ ನೆರವಿದೆ. ಅರ್ಜಿಯ ಮೊದಲ ಹಂತದ ಪರಿಶೀಲನೆ ಗ್ರಾಮ ಪಂಚಾಯತಿಯಲ್ಲೇ ನಡೆಯುವುದರಿಂದ ಅದು ವಿಳಂಬವಾಗದಂತೆ ನೋಡಿಕೊಳ್ಳುವುದು ಸದಸ್ಯರ ಹೊಣೆ.
5. ಹೊಲಿಗೆ ಆರಂಭಿಸುವ ಮುನ್ನ ಕನಿಷ್ಠ ಒಂದು ಖಚಿತ ಆರ್ಡರ್ ಹೊಂದಿಸುವುದು.
6. ವಸ್ತುವಿನ ಬೆಲೆ, ಕೂಲಿ, ಪಾವತಿಯ ದಿನಗಳನ್ನು ಒಕ್ಕೂಟದ ಸಭೆಯಲ್ಲಿ ತೀರ್ಮಾನಿಸಿ ಗೋಡೆಯ ಮೇಲೆ ಬರೆಸುವುದು.
7. ಉಳಿದ ಚಿಂದಿಯನ್ನು ಸುಡದೆ ಸ್ವಚ್ಛ ಸಂಕೀರ್ಣದ ಒಣ ಕಸದೊಡನೆ ಕಳುಹಿಸುವುದು.

ಮೂರು ತಿಂಗಳ ಕೊನೆಯಲ್ಲಿ ಎಷ್ಟು ಕಿಲೋ ಬಟ್ಟೆ ಬಂತು, ಎಷ್ಟು ಚೀಲ ಹೊಲಿದರು ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಹೊಲಿದವರ ಕೈಗೆ ದಿನಕ್ಕೆ ಎಷ್ಟು ಸೇರಿತು ಎಂಬುದು. ಆ ಅಂಕಿ ಕೂಲಿಗಿಂತ ಕೆಳಗಿದ್ದರೆ ಬೆಲೆಯನ್ನೋ ವಸ್ತುವನ್ನೋ ಬದಲಿಸಬೇಕು. ಅದು ಸಾಧ್ಯವಾಗದಿದ್ದರೆ, ಅದನ್ನು ಜೀವನೋಪಾಯ ಕಾರ್ಯಕ್ರಮವೆಂದು ಕರೆಯದೆ, ಕೇವಲ ನೈರ್ಮಲ್ಯದ ಕಾರ್ಯವೆಂದು ಒಪ್ಪಿಕೊಂಡು, ಅದರ ವೆಚ್ಚವನ್ನು ಪಂಚಾಯತಿಯೇ ಹೊರಬೇಕು.

ಸಭೆಯಲ್ಲಿ ಚರ್ಚೆಗೆ ಪ್ರಶ್ನೆಗಳು

1. ತಮ್ಮ ಗ್ರಾಮದಲ್ಲಿ ಹಳೆಯ ಬಟ್ಟೆ ಈಗ ಎಲ್ಲಿಗೆ ಹೋಗುತ್ತಿದೆ? ಕೊನೆಯ ಬಾರಿ ಅದನ್ನು ಸುಟ್ಟದ್ದು ಎಲ್ಲಿ?
2. ಊರಿನಲ್ಲಿ ಎಷ್ಟು ಹೊಲಿಗೆ ಯಂತ್ರಗಳಿವೆ? ಅವುಗಳಲ್ಲಿ ಎಷ್ಟು ಇಂದು ಓಡುತ್ತಿವೆ?
3. ಪಂಚಾಯತಿ ವ್ಯಾಪ್ತಿಯ ಕೂಸಿನ ಮನೆ, ಅಂಗನವಾಡಿಗಳಿಗೆ ಎಷ್ಟು ಹಾಸುಗಳ ಅಗತ್ಯವಿದೆ?
4. ರೂ. 29 ವೆಚ್ಚದ ಚೀಲವನ್ನು ರೂ. 15ಕ್ಕೆ ಕೊಡಬೇಕೆಂದು ಸಭೆ ಬಯಸಿದರೆ, ಉಳಿದ ರೂ. 14 ಯಾರ ಲೆಕ್ಕದಿಂದ ಬರಬೇಕು?
5. ಹತ್ತು ಹಳೆಯ ಸೀರೆಗಳನ್ನು ಕತ್ತರಿಸಿ ನೋಡುವ ಪ್ರಯೋಗವನ್ನು ಯಾವ ಸಂಘ, ಯಾವ ದಿನ ಮಾಡಬಹುದು?